ಗಾಳಿ ಕೆಳಗಿಳಿಯುವ ಕಡೆ ನಾವಿದ್ದೇವೆ: ಸಣ್ಣ ವಿಮಾನದಲ್ಲಿ ಬ್ರಹ್ಮಗಿರಿ ದಾಟುವ ಲೆಕ್ಕ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 125 ಕಿಲೋಮೀಟರ್. ನಾಲ್ಕು ಸೀಟಿನ ಸೆಸ್ನಾ 172 ವಿಮಾನಕ್ಕೆ ಇದು ಮುಕ್ಕಾಲು ಗಂಟೆಯ ದಾರಿ. ಆ ಗೆರೆ ನಾಗರಹೊಳೆ ಕಾಡಿನ ಮೇಲೆ ಹಾದು, ಶ್ರೀಮಂಗಲದ ಆಸುಪಾಸಿನಲ್ಲಿ ದಕ್ಷಿಣ ಕೊಡಗನ್ನು ದಾಟುತ್ತದೆ. ಆಮೇಲೆ ಬ್ರಹ್ಮಗಿರಿ ಸಾಲಿನ ಮಗ್ಗುಲಲ್ಲೇ ಪಶ್ಚಿಮಕ್ಕೆ ಇಳಿದು ಕಣ್ಣೂರು ವಿಮಾನ ನಿಲ್ದಾಣ ಇರುವ ಮಟ್ಟನ್ನೂರು ಸೇರುತ್ತದೆ.

ಬ್ರಹ್ಮಗಿರಿಯ ತುದಿ 1,608 ಮೀಟರ್, ಅಂದರೆ ಸುಮಾರು 5,280 ಅಡಿ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್, ಸುಮಾರು 5,730 ಅಡಿ. ಸೆಸ್ನಾ 172ರ ಈಗಿನ ಮಾದರಿ 14,000 ಅಡಿವರೆಗೆ ಏರಬಲ್ಲದು ಅಂತ ಅದರ ಕೈಪಿಡಿಯಲ್ಲೇ ಇದೆ. ಹಾಗಾದರೆ ಕೊಡಗಿನ ಬೆಟ್ಟ ದಾಟುವುದರಲ್ಲಿ ಕಷ್ಟ ಏನಿದೆ? ಬೆಟ್ಟದ ಎತ್ತರದಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಗಾಳಿ ಆ ಬೆಟ್ಟವನ್ನು ಯಾವ ಕಡೆಯಿಂದ ದಾಟುತ್ತಿದೆ, ನೀವು ಯಾವ ಕಡೆಯಿಂದ ಬರುತ್ತಿದ್ದೀರಿ ಅನ್ನುವುದು. ಮಳೆಗಾಲದ ಪಶ್ಚಿಮ ಗಾಳಿ ಬೀಸುವಾಗ ಕೊಡಗು ಇರುವುದು ಗಾಳಿ ಕೆಳಗಿಳಿಯುವ ಕಡೆ. ಮೈಸೂರಿನಿಂದ ಬರುವ ವಿಮಾನಕ್ಕೆ ಎತ್ತರ ಅತಿ ಹೆಚ್ಚು ಬೇಕಾಗುವುದು ಎಲ್ಲೋ, ಗಾಳಿ ಅದನ್ನು ಕೆಳಗೆ ಒತ್ತುವುದೂ ಅಲ್ಲೇ.

ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುತ್ತದೆ. ಕೈಗೆ ಹತ್ತಬೇಕಾದರೆ ಹಾರಿಸಿಯೇ ನೋಡಬೇಕು. ನಮ್ಮಂಥವರಿಗೆ ಅದಕ್ಕೆ ಇರುವ ದಾರಿ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಿಂದಲೂ ಇದೆ. 2020ರಲ್ಲಿ ಬಂದ ಅದರ ಆವೃತ್ತಿ ಉಪಗ್ರಹ ಚಿತ್ರಗಳನ್ನು ಬಳಸಿ ಇಡೀ ಭೂಮಿಯನ್ನೇ ತೋರಿಸುತ್ತದೆ. ಗಾಳಿ ಬೆಟ್ಟಕ್ಕೆ ತಾಗಿ ಏರುವುದನ್ನೂ ಇಳಿಯುವುದನ್ನೂ ಲೆಕ್ಕ ಹಾಕುತ್ತದೆ. ಎಕ್ಸ್-ಪ್ಲೇನ್ ಇದೆ. ದುಡ್ಡು ಕೊಡದೆ ಇಳಿಸಿಕೊಳ್ಳಬಹುದಾದ ಫ್ಲೈಟ್‌ಗೇರ್ ಕೂಡ ಇದೆ. ಯಾವುದಾದರೂ ಆಗುತ್ತದೆ. ಒಂದು ಸಾಧಾರಣ ಜಾಯ್‌ಸ್ಟಿಕ್ ಇದ್ದರೆ ಒಳ್ಳೆಯದು. ಕಲಿಯುವಾಗ ಲೈವ್ ವೆದರ್, ಅಂದರೆ ಆ ಹೊತ್ತಿನ ನಿಜವಾದ ಹವೆ, ಬೇಡ. ಗಾಳಿಯನ್ನು ನೀವೇ ಹೊಂದಿಸಿಕೊಳ್ಳಿ. ಹಾಗೆ ಮಾಡಿದರೆ ಮಾತ್ರ ಏನು ಬದಲಾದಾಗ ಏನಾಯಿತು ಅಂತ ಗೊತ್ತಾಗುತ್ತದೆ.

ಮೊದಲು ರನ್‌ವೇಯಲ್ಲೇ ಇರೋಣ. ಮಂಡಕಳ್ಳಿ ಸಮುದ್ರ ಮಟ್ಟಕ್ಕಿಂತ 2,300 ಅಡಿಗೂ ಸ್ವಲ್ಪ ಮೇಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣತೆ ಸುಮಾರು 10 ಡಿಗ್ರಿ ಅಂತ ವಿಮಾನದವರ ಲೆಕ್ಕ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಹೆಚ್ಚುವರಿ ಒಂದೊಂದು ಡಿಗ್ರಿಗೂ ಊರಿನ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಿಕೊಳ್ಳಬೇಕು. 24 ಡಿಗ್ರಿ ಜಾಸ್ತಿ ಅಂದರೆ 2,880 ಅಡಿ. ಅಂದರೆ ವಿಮಾನದ ಪಾಲಿಗೆ ಮಂಡಕಳ್ಳಿ ಆ ಹೊತ್ತಿನಲ್ಲಿ 5,200 ಅಡಿ ಎತ್ತರದ ಊರು! ತೆಳು ಗಾಳಿಯಲ್ಲಿ ಎಂಜಿನ್ ಶಕ್ತಿ ಕುಗ್ಗುತ್ತದೆ, ಪ್ರೊಪೆಲ್ಲರ್ ಎಳೆಯುವ ಬಲ ಕಡಿಮೆಯಾಗುತ್ತದೆ, ರೆಕ್ಕೆ ಎತ್ತುವ ಬಲವೂ ಅಷ್ಟೇ. ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರುವ ವಿಮಾನ ಇಲ್ಲಿ 500ಕ್ಕೆ ಇಳಿಯುತ್ತದೆ. ನಾಲ್ಕು ಜನ ಕೂತು, ಟ್ಯಾಂಕ್ ತುಂಬಿಸಿಕೊಂಡು, ಬ್ರಹ್ಮಗಿರಿಯ ಹತ್ತಿರ 6,000 ಅಡಿ ತಲುಪುವಾಗ ನಿಮಿಷಕ್ಕೆ 350 ಅಡಿ ಸಿಕ್ಕರೆ ಅದೇ ದೊಡ್ಡದು. ಸಿಮ್ಯುಲೇಟರ್‌ನಲ್ಲಿ ಉಷ್ಣತೆಯನ್ನು ಒಮ್ಮೆ 10ಕ್ಕೆ, ಒಮ್ಮೆ 34ಕ್ಕೆ ಇಟ್ಟು ಮಂಡಕಳ್ಳಿಯಿಂದ ಏರಿ. ಏರುವ ವೇಗದ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈ 350 ಅಡಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ.

ಅರಬ್ಬೀ ಸಮುದ್ರದಿಂದ ಬರುವ ಗಾಳಿ ಘಟ್ಟಕ್ಕೆ ಬಡಿದಾಗ ಅದಕ್ಕೆ ಮೇಲೇರುವುದು ಬಿಟ್ಟು ಬೇರೆ ದಾರಿಯಿಲ್ಲ. ಏರಿದಂತೆ ತಣ್ಣಗಾಗಿ ಮಳೆ ಸುರಿಸುತ್ತದೆ. ಏಣು, ಅಂದರೆ ಬೆಟ್ಟಸಾಲಿನ ನೆತ್ತಿ, ದಾಟಿದ ಮೇಲೆ ಪೂರ್ವಕ್ಕೆ ಇಳಿಯುತ್ತದೆ. ಕೊಡಗಿನ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಮನೆಯಲ್ಲೂ ಮಳೆ ಅಳೆಯುವ ಅಭ್ಯಾಸ ಇದೆಯಲ್ಲ. ಭಾಗಮಂಡಲದ ಕಡೆಯವರು ಫೋನಿನಲ್ಲಿ ಇಂಚಿನ ಲೆಕ್ಕ ಹೇಳುವ ದಿನ ಕುಶಾಲನಗರದ ಕಡೆಯವರು ಸೆಂಟಿನ (ಇಂಚಿನ ನೂರನೇ ಒಂದು ಭಾಗದ) ಲೆಕ್ಕ ಹೇಳುತ್ತಿರುತ್ತಾರೆ. ಗಾಳಿ ಏರುವುದು ಎಲ್ಲಿ, ಇಳಿಯುವುದು ಎಲ್ಲಿ ಅನ್ನುವುದು ಆ ಮಳೆ ಪುಸ್ತಕದಲ್ಲೇ ಇದೆ.

ಹೊಳೆಯಲ್ಲಿ ಬಂಡೆಯ ಮೇಲೆ ಹರಿದ ನೀರು ಆಚೆ ಬದಿಗೆ ಧುಮುಕಿ, ಅಲ್ಲೇ ಸುಳಿ ಸುತ್ತುತ್ತದೆ ಅಲ್ವಾ? ಏಣು ದಾಟಿದ ಗಾಳಿಯೂ ಹಾಗೆಯೇ ಮಾಡುತ್ತದೆ. ಆದರೆ ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಮೋಡ ಇಲ್ಲದ ದಿನ ಆಕಾಶ ತಿಳಿಯಾಗಿ, ಬೆಟ್ಟ ಹಸಿರಾಗಿ, ಎಲ್ಲ ಶಾಂತವಾಗಿರುವ ಹಾಗೇ ಇರುತ್ತದೆ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಗಾಳಿಮರೆಯಲ್ಲಿ ಬೋಯಿಂಗ್ 707 ವಿಮಾನವೊಂದು ಆಕಾಶದಲ್ಲೇ ಮುರಿದು ಬಿತ್ತು. ಅದರಲ್ಲಿದ್ದ 124 ಜನರೂ ಸತ್ತರು. ಆ ದಿನ ಆಕಾಶ ತಿಳಿಯಾಗಿತ್ತು. ಪರ್ವತ ಎಬ್ಬಿಸಿದ ಗಾಳಿಯ ಹೊಡೆತಕ್ಕೆ ಅಷ್ಟು ದೊಡ್ಡ ಜೆಟ್ ತಾಳಲಿಲ್ಲ.

ಈಗ ಬ್ರಹ್ಮಗಿರಿಗೆ ಬರೋಣ. ಸಿಮ್ಯುಲೇಟರ್‌ನಲ್ಲಿ ಗಾಳಿಯನ್ನು 250 ಡಿಗ್ರಿಯಿಂದ 30 ನಾಟ್ ಅಂತ ಇಡಿ. ಅಂದರೆ ನೈರುತ್ಯ ಪಶ್ಚಿಮದಿಂದ ಗಂಟೆಗೆ ಸುಮಾರು 55 ಕಿಲೋಮೀಟರ್. ನೀವು 6,000 ಅಡಿಯಲ್ಲಿದ್ದೀರಿ. ಶಿಖರಕ್ಕಿಂತ 700 ಅಡಿ ಮೇಲೆ. ಮುಂದಿನ ಗಾಜಿನಲ್ಲಿ ಏಣು ಸ್ವಲ್ಪ ಕೆಳಗೇ ಕಾಣುತ್ತಿದೆ. ಸಾಕಪ್ಪಾ, ದಾಟಿಬಿಡಬಹುದು ಅನ್ನಿಸುತ್ತದೆ. ಶಿಖರ ಇನ್ನು 3 ಕಿಲೋಮೀಟರ್ ಇದೆ ಅನ್ನುವಾಗ ವಿಮಾನ ಇಳಿಗಾಳಿಯೊಳಗೆ ಕಾಲಿಡುತ್ತದೆ.

ಇಳಿಗಾಳಿ ನಿಮಿಷಕ್ಕೆ 850 ಅಡಿ ಅಂತ ಹಿಡಿಯಿರಿ. ಜೋರು ಗಾಳಿಯ ದಿನ ಸಾವಿರ ಅಡಿ ಮೀರುವುದೂ ಉಂಟು, ಹಾಗಾಗಿ ಇದೇನು ವಿಪರೀತದ ಅಂಕಿ ಅಲ್ಲ. ನಿಮ್ಮ ಎಂಜಿನ್ ಕೊಡುವುದು 350. ಥ್ರಾಟಲ್ ಪೂರ್ತಿ ಒತ್ತಿದ್ದರೂ ನಿಮಿಷಕ್ಕೆ 500 ಅಡಿ ಕೆಳಗೆ ಹೋಗುತ್ತಿದ್ದೀರಿ. ಏರುವ ಭಂಗಿಯಲ್ಲಿ ವಿಮಾನದ ವೇಗ 80 ನಾಟ್. ಎದುರುಗಾಳಿ 30 ಕಳೆದರೆ ನೆಲದ ಲೆಕ್ಕದಲ್ಲಿ 50 ನಾಟ್, ನಿಮಿಷಕ್ಕೆ ಬರೀ ಒಂದೂವರೆ ಕಿಲೋಮೀಟರ್. 3 ಕಿಲೋಮೀಟರಿಗೆ ಎರಡು ನಿಮಿಷ ಬೇಕು. ಎರಡು ನಿಮಿಷದಲ್ಲಿ ಸಾವಿರ ಅಡಿ ಕಳೆದುಕೊಂಡಿರುತ್ತೀರಿ. ಶಿಖರದ ಹತ್ತಿರ ಬಂದಾಗ ನೀವು 5,000 ಅಡಿಯಲ್ಲಿದ್ದೀರಿ. ಶಿಖರ 5,280ರಲ್ಲಿದೆ.

ಈ ಎರಡು ನಿಮಿಷ ಒಳಗೆ ಕೂತವರಿಗೆ ಹೇಗಿರುತ್ತದೆ ಅನ್ನುವುದು ಮುಖ್ಯ. ಮೊದಲ ಅರ್ಧ ನಿಮಿಷ ಏನೂ ಅನ್ನಿಸುವುದಿಲ್ಲ. ವಿಮಾನದ ಮೂಗು ಮೇಲಕ್ಕೇ ಇದೆ, ಎಂಜಿನ್ ಜೋರಾಗಿ ಕೂಗುತ್ತಿದೆ. ಏರುತ್ತಿದ್ದೇವೆ ಅಂತಲೇ ಭಾವನೆ. ಏರಿಳಿತದ ಮುಳ್ಳು ಸೊನ್ನೆಗಿಂತ ಕೆಳಗಿದೆ, ಆದರೆ ಕಣ್ಣು ಹೊರಗಿದೆ. ಆಮೇಲೆ ಒಂದು ಗುರುತು ಕಾಣಿಸುತ್ತದೆ. ಏಣಿನ ಆಚೆ ಕಾಣುತ್ತಿದ್ದ ಕೇರಳದ ತಗ್ಗು ನೆಲ ಒಂದೊಂದೇ ಪಟ್ಟಿಯಾಗಿ ಏಣಿನ ಹಿಂದೆ ಮರೆಯಾಗುತ್ತದೆ. ಬೆಟ್ಟದ ಆಚೆಯ ನೆಲ ಹೆಚ್ಚು ಹೆಚ್ಚು ಕಾಣುತ್ತಿದ್ದರೆ ನೀವು ದಾಟುತ್ತೀರಿ. ಕಡಿಮೆಯಾಗುತ್ತಾ ಬಂದರೆ ದಾಟುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಕಲಿಯಬಹುದಾದ ಅತಿ ಬೆಲೆಬಾಳುವ ಪಾಠ ನನ್ನ ಪ್ರಕಾರ ಇದೇ. ಯಾವ ಮೀಟರೂ ಇಷ್ಟು ನೇರವಾಗಿ ಹೇಳುವುದಿಲ್ಲ.

ಇದು ಗೊತ್ತಾದ ಕೂಡಲೇ ಕೈ ತಾನಾಗಿ ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಮೂಗು ಇನ್ನೂ ಮೇಲೆ ಹೋಗುತ್ತದೆ. ವೇಗ 80ರಿಂದ 70ಕ್ಕೆ, 65ಕ್ಕೆ ಬರುತ್ತದೆ. ಏರುವುದು ಹೆಚ್ಚುವುದಿಲ್ಲ. ಬದಲಿಗೆ ನೆಲದ ಮೇಲಿನ ವೇಗ ಇನ್ನೂ ಕುಗ್ಗಿ, ಇಳಿಗಾಳಿಯೊಳಗೆ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತೀರಿ. ಕೊನೆಗೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ಸ್ಟಾಲ್ ಆಗುತ್ತದೆ. ಬೆಟ್ಟದ ಮಗ್ಗುಲಲ್ಲಿ ಸ್ಟಾಲ್ ಆದರೆ ಸುಧಾರಿಸಿಕೊಳ್ಳಲು ಕೆಳಗೆ ಜಾಗ ಇರುವುದಿಲ್ಲ.

ಅನುಭವ ಇದ್ದವರಿಗೆ ಹೀಗಾಗುವುದಿಲ್ಲ ಅಂತ ಅನ್ನಿಸಬಹುದು. ಸ್ಟೀವ್ ಫಾಸೆಟ್ ಅವರನ್ನು ನೆನೆಯಿರಿ. 2002ರಲ್ಲಿ ಬಲೂನಿನಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು. 2005ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ, ಒಬ್ಬರೇ ವಿಮಾನದಲ್ಲಿ ಭೂಮಿ ಸುತ್ತಿದವರು. 2007ರ ಸೆಪ್ಟೆಂಬರ್ 3ರಂದು ಎರಡು ಸೀಟಿನ ಸಣ್ಣ ವಿಮಾನದಲ್ಲಿ ಹೊರಟವರು ಹಿಂದಿರುಗಲಿಲ್ಲ. ವಿಮಾನದ ಚೂರುಗಳು ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸಿಕ್ಕಿದ್ದು 2008ರ ಅಕ್ಟೋಬರಿನಲ್ಲಿ. ಆ ವಿಮಾನ ಏರಬಲ್ಲ ಶಕ್ತಿಗಿಂತ ಇಳಿಗಾಳಿಯ ಬಲ ಹೆಚ್ಚಿತ್ತು ಅಂತ ಅಮೆರಿಕದ ತನಿಖೆ ತೀರ್ಮಾನಿಸಿತು. ತೆಳು ಗಾಳಿಯನ್ನೂ ಬೆಟ್ಟಸೀಮೆಯನ್ನೂ ಜೊತೆ ಕಾರಣಗಳಾಗಿ ಹೆಸರಿಸಿತು. ಬ್ರಹ್ಮಗಿರಿಯ ಹತ್ತಿರ ನಾವು ಈಗ ಹಾಕಿದ್ದೂ ಅದೇ ಲೆಕ್ಕ.

ಹಾಗಾದರೆ ಮಾಡಬೇಕಾದ್ದೇನು? ಎತ್ತರವನ್ನು ಬೆಟ್ಟದ ಬುಡದಲ್ಲಿ ಹುಡುಕಬಾರದು. ಬಯಲಿನ ಮೇಲೆಯೇ ಏರಿ ಮುಗಿಸಬೇಕು. ಕಣ್ಣಿನಿಂದ ನೋಡಿಕೊಂಡು ಹಾರುವ ವಿಮಾನಗಳಿಗೆ ಪಶ್ಚಿಮ ದಿಕ್ಕಿನಲ್ಲಿ ಸರಿಸಂಖ್ಯೆಯ ಸಾವಿರದ ಮೇಲೆ 500 ಅಡಿ ಅನ್ನುವ ರೂಢಿ ಇದೆ. ಹಾಗಾಗಿ ಈ ದಾರಿಗೆ 8,500 ಅಡಿ ಒಪ್ಪುತ್ತದೆ. ಮಂಡಕಳ್ಳಿಯಿಂದ ಸುಮಾರು ಕಾಲು ಗಂಟೆಯ ಏರಿಕೆ. ಎಚ್.ಡಿ. ಕೋಟೆಯ ಸುತ್ತಮುತ್ತ ಬರುವಷ್ಟರಲ್ಲಿ ಅದು ಮುಗಿದಿರಬೇಕು, ಕಾಡು ಶುರುವಾಗುವ ಮೊದಲೇ. ಗಾಳಿ 20 ನಾಟ್ ಮೀರಿದ ದಿನ ಏಣಿನ ಮೇಲೆ ಕನಿಷ್ಠ 2,000 ಅಡಿ ಅಂತರ ಇರಲಿ ಅಂತ ಬೆಟ್ಟದಲ್ಲಿ ಹಾರಿಸುವವರು ಹೇಳುತ್ತಾರೆ. ಅದಕ್ಕೂ ಜೋರಾಗಿದ್ದರೆ ಆ ದಿನ ಹೋಗುವುದೇ ಬೇಡ ಅನ್ನುವವರೂ ಅವರೇ.

ಎರಡನೆಯದು ಏಣಿಗೆ ನೇರ ನುಗ್ಗದೆ ಓರೆಯಾಗಿ, 45 ಡಿಗ್ರಿ ಕೋನದಲ್ಲಿ ಹೋಗುವುದು. ನೇರ ಹೋದವರು ಮನಸ್ಸು ಬದಲಿಸಿದರೆ ಪೂರ್ತಿ ಹಿಂದಕ್ಕೆ, 180 ಡಿಗ್ರಿ ತಿರುಗಬೇಕು. ಓರೆಯಾಗಿ ಹೋದವರು 90 ಡಿಗ್ರಿ ತಿರುಗಿದರೆ ಸಾಕು, ಬೆಟ್ಟದಿಂದ ದೂರ ಹೋಗುತ್ತಿರುತ್ತಾರೆ. ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬರುತ್ತದೆ. 50 ನಾಟ್ ಇದ್ದ ನೆಲದ ವೇಗ 100 ದಾಟಿ, ಬೇಗ ಇಳಿಗಾಳಿಯಿಂದ ಹೊರಬರುತ್ತೀರಿ. ಕೆಳಗಿನ ನೆಲವೂ ಶ್ರೀಮಂಗಲದ ಕಡೆಗೆ ತಗ್ಗುತ್ತಾ ಹೋಗುತ್ತದೆ. ಸಿಮ್ಯುಲೇಟರ್‌ನಲ್ಲಿ ಎರಡನ್ನೂ ಮಾಡಿ ನೋಡಿ. ಒಮ್ಮೆ ನೇರ, ಒಮ್ಮೆ ಓರೆ. ಎರಡರಲ್ಲೂ ಏಣಿಗೆ ಒಂದು ಕಿಲೋಮೀಟರ್ ಇರುವಾಗ ವಾಪಸಾಗಿ.

ತಿರುಗುವುದಕ್ಕೆ ಎಷ್ಟು ಜಾಗ ಬೇಕು ಅನ್ನುವುದು ಹೆಚ್ಚಿನವರು ತಪ್ಪಾಗಿ ಅಂದಾಜು ಮಾಡುವ ವಿಷಯ. ನಾಪೋಕ್ಲು ಕಡೆಯಿಂದ ಕಕ್ಕಬ್ಬೆಯ ಮೇಲೆ ತಡಿಯಂಡಮೋಳ್ ಕಡೆಗೆ ತಗ್ಗಿನಲ್ಲಿ ಹಾರಿಸಿಕೊಂಡು ಹೋದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಕಡೆ ಬೆಟ್ಟ ಹತ್ತಿರ ಬರುತ್ತಾ, ಕೆಳಗಿನ ನೆಲ ಏರುತ್ತಾ ಹೋಗುತ್ತದೆ. 90 ನಾಟ್ ವೇಗದಲ್ಲಿ ರೆಕ್ಕೆಯನ್ನು 30 ಡಿಗ್ರಿ ಓರೆ ಮಾಡಿ ತಿರುಗಿದರೆ ಹಿಂದಕ್ಕೆ ಮುಖ ಮಾಡುವಷ್ಟರಲ್ಲಿ 760 ಮೀಟರ್ ಅಗಲ ಬೇಕು. 120 ನಾಟ್ ಇದ್ದರೆ 1,350 ಮೀಟರ್! ವೇಗ ಮೂರನೇ ಒಂದು ಭಾಗ ಹೆಚ್ಚಾದರೆ ಜಾಗ ಹೆಚ್ಚುಕಡಿಮೆ ದುಪ್ಪಟ್ಟು. ಅದಕ್ಕೇ ಕಣಿವೆಯೊಳಗೆ ಮೊದಲು ವೇಗ ಇಳಿಸಿಕೊಳ್ಳಬೇಕು. 90 ನಾಟ್‌ನಲ್ಲೇ 45 ಡಿಗ್ರಿ ಓರೆ ಮಾಡಿದರೆ 440 ಮೀಟರ್ ಸಾಕು. ಆದರೆ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಮೇಲೆ ಬರುತ್ತದೆ. 60 ಡಿಗ್ರಿಯಲ್ಲಿ ಶೇ. 41. ಗಾಬರಿಯಲ್ಲಿ ಜೋರಾಗಿ ಎಳೆದು ತಿರುಗಿಸಿದ ಪೈಲಟ್ ಸ್ಟಾಲ್ ಆಗುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಕಣಿವೆಯ ನಡುಮಧ್ಯೆ ಹಾರಿಸಬೇಡಿ. ನಡುವೆ ಇದ್ದರೆ ಯಾವ ಕಡೆ ತಿರುಗಿದರೂ ಅರ್ಧ ಅಗಲವೇ ಸಿಗುವುದು. ಗಾಳಿ ಬಡಿದು ಮೇಲೇರುವ ಇಳಿಜಾರಿನ ಕಡೆಗೆ ಸರಿದುಕೊಂಡು ಹೋದರೆ ಗಾಳಿಯೂ ಎತ್ತುತ್ತದೆ, ತಿರುಗಲು ಇಡೀ ಅಗಲವೂ ಸಿಗುತ್ತದೆ. ಬೆಟ್ಟಕ್ಕೆ ಹತ್ತಿರ ಹೋಗುವುದಕ್ಕೆ ಮನಸ್ಸು ಒಪ್ಪುವುದಿಲ್ಲ ನಿಜ. ಅದನ್ನು ಒಪ್ಪಿಸುವುದಕ್ಕೆ ಸಿಮ್ಯುಲೇಟರ್‌ಗಿಂತ ಒಳ್ಳೆಯ ಜಾಗ ಇಲ್ಲ.

ಕೊಡಗಿನಲ್ಲಿ ಗಾಳಿಯಷ್ಟೇ ಭಯಪಡಬೇಕಾದ್ದು ಮೋಡಕ್ಕೆ. ಮಾಂದಲಪಟ್ಟಿಗೆ ಹೋದವರಿಗೆ ಗೊತ್ತು, ಎದುರಿಗಿದ್ದ ಬೆಟ್ಟ ನೋಡನೋಡುತ್ತಲೇ ಕಾಣೆಯಾಗುತ್ತದೆ. ಜೀಪಿನಲ್ಲಿದ್ದರೆ ನಿಲ್ಲಿಸಿ ಕಾಯಬಹುದು. ವಿಮಾನ ನಿಲ್ಲುವುದಿಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆ ಮಾಡಿದರು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗೇನೂ ಕಾಣದಂತೆ ಮಾಡಿ ವಿಮಾನ ಹಾರಿಸಲು ಕೊಟ್ಟರು. ಇಪ್ಪತ್ತು ಜನರೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಕಣ್ಣಿಗೆ ಹೊರಗಿನ ಗೆರೆ ಸಿಗದಿದ್ದರೆ ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳುತ್ತದೆ. ವಿಮಾನ ನಿಧಾನವಾಗಿ ಓರೆಯಾಗುತ್ತಿದ್ದರೂ ನೆಟ್ಟಗೆ ಇದ್ದೇವೆ ಅಂತಲೇ ಅನ್ನಿಸುತ್ತದೆ.

ತರಬೇತಿ ಇದ್ದವರನ್ನೂ ಇದು ಬಿಟ್ಟಿಲ್ಲ. 2021ರ ಡಿಸೆಂಬರ್ 8ರಂದು ನಮ್ಮ ಪಕ್ಕದ ನೀಲಗಿರಿಯ ಕೂನೂರಿನ ಹತ್ತಿರ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು ಜನರಲ್ ಬಿಪಿನ್ ರಾವತ್ ಸೇರಿ 14 ಜನ ತೀರಿಕೊಂಡರು. ಕೊಡಗಿನಂಥ ಸೈನಿಕರ ನಾಡಿಗೆ ಅದು ಮನೆಯ ಸಾವಿನ ಹಾಗೆಯೇ ತಟ್ಟಿತು. ಯಂತ್ರದಲ್ಲಿ ದೋಷ ಇರಲಿಲ್ಲ, ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು ಅಂತ ತನಿಖೆ ಹೇಳಿತು. ಅದು ಎರಡು ಎಂಜಿನ್ನಿನ ದೊಡ್ಡ ಯಂತ್ರ, ನಡೆಸುತ್ತಿದ್ದವರು ವಾಯುಪಡೆಯ ಪೈಲಟ್‌ಗಳು. ಒಂದೇ ಎಂಜಿನ್ನಿನ ಸೆಸ್ನಾದಲ್ಲಿ ಮೋಡದ ಸಂದಿ ನೋಡಿಕೊಂಡು ಘಟ್ಟ ದಾಟಿಬಿಡೋಣ ಅನ್ನುವವರು ಇದನ್ನು ಯೋಚಿಸಬೇಕು.

ಹಳೆಯ ಸೆಸ್ನಾಗಳಲ್ಲಿ ಕಾರ್ಬ್ಯುರೇಟರ್ ಇರುತ್ತದೆ. ಅದರೊಳಗೆ ಪೆಟ್ರೋಲು ಆವಿಯಾಗುವಾಗ ಗಾಳಿ ತಟ್ಟನೆ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಇದ್ದರೂ, ತೇವ ಜಾಸ್ತಿ ಇದ್ದರೆ, ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು. ಕೊಡಗಿನ ಮಳೆಗಾಲದ ಹವೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹೊಸ ಮಾದರಿಗಳಲ್ಲಿ ಈ ತೊಂದರೆ ಇಲ್ಲ. ನಿಮ್ಮ ಸಿಮ್ಯುಲೇಟರ್‌ನಲ್ಲಿ ಯಾವ ಮಾದರಿ ಇದೆ ಅಂತ ನೋಡಿಕೊಳ್ಳಿ.

ಸಿಮ್ಯುಲೇಟರ್ ಹೇಳದ ಸಂಗತಿಗಳೂ ಇವೆ. ಕುರ್ಚಿ ಅಲುಗುವುದಿಲ್ಲ. ಹೊಟ್ಟೆ ತೊಳೆಸುವುದಿಲ್ಲ. ಸುಳಿಗಾಳಿಯಲ್ಲಿ ತಲೆ ಚಾವಣಿಗೆ ಬಡಿಯುವುದಿಲ್ಲ. ಕಿವಿ ಸುಳ್ಳು ಹೇಳುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ನೀವು ಕೂತಲ್ಲೇ ಇದ್ದೀರಿ. ಬೆಟ್ಟದ ಸಂದುಗೊಂದುಗಳಲ್ಲಿ ಗಾಳಿ ಆಡುವ ಸಣ್ಣ ಆಟಗಳೆಲ್ಲ ಅದರ ಲೆಕ್ಕದಲ್ಲಿ ಸಿಗುವುದಿಲ್ಲ. ಇಳಿಗಾಳಿ ನಿಜದಲ್ಲಿ ಇನ್ನೂ ಜೋರಾಗಿರಬಹುದು, ಇನ್ನೆಲ್ಲೋ ಇರಬಹುದು. ಹಾಗಾಗಿ ಅಲ್ಲಿ ದಾಟಿದ್ದೇನೆ, ನಿಜದಲ್ಲೂ ದಾಟಬಲ್ಲೆ ಅಂತ ಯಾರೂ ತಿಳಿಯಬಾರದು. ಅಲ್ಲೇ ದಾಟಲಾಗದಿದ್ದರೆ ನಿಜದಲ್ಲಿ ಖಂಡಿತ ಬೇಡ. ಹಾರಾಟವನ್ನು ನಡುವೆ ತಡೆಹಿಡಿಯುವ ಪಾಜ್ ಬಟನ್ ಮುಟ್ಟದೆ ಹಾರಿಸುವುದು ಒಳ್ಳೆಯ ಅಭ್ಯಾಸ. ಯೋಚಿಸಲು ಸಿಗುವ ಸಮಯ ಎಷ್ಟು ಕಡಿಮೆ ಅಂತ ಗೊತ್ತಾಗುವುದು ಆಗಲೇ.

ಇದೇ ದಾರಿಯನ್ನು ತಿರುಗಿಸಿ, ಕಣ್ಣೂರಿನಿಂದ ಮೈಸೂರಿಗೂ ಹಾರಿಸಿ. ಅದೇ 30 ನಾಟ್ ಗಾಳಿ. ಈಗ ಮಾಕುಟ್ಟದ ಕಾಡಿನ ಮೇಲೆ ಗಾಳಿಯೇ ಎತ್ತಿಕೊಡುತ್ತದೆ. ಏಣು ದಾಟಿದ ಮೇಲೆ ಇಳಿಗಾಳಿ ಸಿಗುತ್ತದೆ, ಆದರೆ ಅಷ್ಟರಲ್ಲಿ ಗಾಳಿ ಬೆನ್ನಿಗಿದೆ, ಮುಂದೆ ನೆಲ ತಗ್ಗಿದೆ, ಕೈಯಲ್ಲಿ ಎತ್ತರವಿದೆ. ಈ ಕಡೆಯ ಅಪಾಯ ಬೇರೆ. ಏರುವ ಗಾಳಿಯೇ ಮೋಡ ಕಟ್ಟುವ ಗಾಳಿ. ಇಳಿಜಾರಿಗೆ ಅಂಟಿಕೊಂಡ ಮೋಡದ ಕೆಳಗೆ ಏರುನೆಲದ ಮೇಲೆ ಹೋಗುತ್ತಾ ಹೋದರೆ ಮೇಲೂ ಕೆಳಗೂ ಜಾಗ ಮುಗಿಯುತ್ತದೆ. ಮೋಡದ ತಳವನ್ನು 4,000 ಅಡಿಗೆ ಇಟ್ಟು ಹೊರಡಿ, ಎಲ್ಲಿಂದ ವಾಪಸಾಗಬೇಕು ಅಂತ ಘಟ್ಟದ ಕೆಳಗಿನ ಇರಿಟ್ಟಿ ಪಟ್ಟಣ ದಾಟುವ ಮೊದಲೇ ನಿರ್ಧರಿಸಿಕೊಳ್ಳಿ.

ಕೊನೆಯದಾಗಿ ಎಂಜಿನ್ ನಿಲ್ಲಿಸಿ ನೋಡಿ. ಗಾಳಿಯಿಲ್ಲದಾಗ ಸೆಸ್ನಾ ಸಾವಿರ ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ತೇಲುತ್ತದೆ. ಮೇಲಿನಿಂದ ನೋಡಿದರೆ ದಕ್ಷಿಣ ಕೊಡಗೆಲ್ಲ ಮೆತ್ತನೆಯ ಹಸಿರು. ಆದರೆ ಆ ಹಸಿರು ಕಾಫಿ ಗಿಡದ್ದಲ್ಲ, ನೆರಳಿನ ಮರಗಳದ್ದು, ಸಿಲ್ವರ್ ಓಕಿನ ತುದಿಗಳದ್ದು. ತೆರೆದ ಜಾಗ ಅಂದರೆ ತಗ್ಗಿನ ಗದ್ದೆಗಳು ಮಾತ್ರ. ಅವೂ ಕಿರಿದು, ಬಾಗಿ ಬಾಗಿ ಹೋಗಿರುತ್ತವೆ, ಕೆಲವೆಡೆ ಮೇಲೆ ವಿದ್ಯುತ್ ತಂತಿ ಬೇರೆ. ಶ್ರೀಮಂಗಲದ ಮೇಲೆ 8,500 ಅಡಿಯಲ್ಲಿ ಒಮ್ಮೆ ಎಂಜಿನ್ ಆರಿಸಿ ಗದ್ದೆ ಹುಡುಕಿ. ಆಮೇಲೆ 6,000ದಲ್ಲಿ ಹುಡುಕಿ. ಸಿಗುವ ಗದ್ದೆಗಳ ಸಂಖ್ಯೆಯನ್ನೂ, ಆರಿಸಿಕೊಳ್ಳಲು ಸಿಗುವ ನಿಮಿಷಗಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.